ಕವಲುದಾರಿಯ ಏಳು ಸ್ಯಾಂಪಲ್: ಕೆನ್ನಾಯಿಗಳ ಡಿಎನ್‌ಎ ಹುಡುಕಿ ಹೋದ ನನ್ನ ಅನುಭವ

ಬೆಳಗ್ಗೆ ಆರೂವರೆ. ಎರಡು ಕಾಡುದಾರಿ ಸೇರುವ ಕಡೆ ವಾಚರ್ ನಿಂತರು. ಕೈಯಲ್ಲಿದ್ದ ಕೋಲಿನಿಂದ ನೆಲ ತೋರಿಸಿದರು. "ಇವತ್ತಿಂದೇ ಮೇಡಂ. ನೋಡಿ, ಇನ್ನೂ ಹಸೀಗದೆ." ನಾಲ್ಕು ಹೆಜ್ಜೆ ಅಗಲದ ಜಾಗದಲ್ಲಿ ಏಳು ಕಡೆ ಮಲ ಬಿದ್ದಿತ್ತು. ಜಿಂಕೆ ಕೂದಲು, ಮೂಳೆ ಚೂರು, ಮೇಲೆ ಲೋಳೆಯ ಹೊಳಪು. ಸಗಣಿ ಹುಳಗಳು ಆಗಲೇ ಬಂದು ಕೂತಿದ್ದವು. ವಾಸನೆಯ ವಿಷಯ ಬರೆಯುವುದಿಲ್ಲ. ನನಗಂತೂ ನಿಧಿ ಸಿಕ್ಕ ಹಾಗಾಯಿತು. ಅದಕ್ಕೆ ಮೊದಲು ನಾಲ್ಕು ದಿನ ನಡೆದು ಸಿಕ್ಕಿದ್ದು ಮೂರೇ ಸ್ಯಾಂಪಲ್. ಇಲ್ಲಿ ಒಂದೇ ಜಾಗದಲ್ಲಿ ಏಳು!

ಆ ಏಳು ಸ್ಯಾಂಪಲ್ ನನ್ನನ್ನು ಹೆಚ್ಚುಕಡಿಮೆ ಒಂದು ವರ್ಷ ದಾರಿ ತಪ್ಪಿಸಿದವು. ಆ ಕತೆಯನ್ನೇ ಇಲ್ಲಿ ಹೇಳುತ್ತೇನೆ.

ನನ್ನ ಕೆಲಸ ಕೆನ್ನಾಯಿಗಳ ಮೇಲೆ. ಸೀಳುನಾಯಿ, ಕಾಡುನಾಯಿ ಅಂತಲೂ ಕರೆಯುತ್ತಾರೆ. ಪಶ್ಚಿಮ ಘಟ್ಟದ ತಪ್ಪಲಿನಲ್ಲಿ ಎರಡು ಕಾಡು. ಒಂದು ದೊಡ್ಡದು, ಒಂದು ಸಣ್ಣದು. ನಡುವೆ ಹೆದ್ದಾರಿ, ಹೊಲ, ಕಾಫಿ ತೋಟ. ಕೆಲಸ ಇನ್ನೂ ಪೂರ್ತಿ ಪ್ರಕಟವಾಗಿಲ್ಲ. ಅವು ಮರಿ ಹಾಕುವ ಬಿಲಗಳ ಜಾಗವೂ ನಮ್ಮ ನಕ್ಷೆಯಲ್ಲಿದೆ. ಹಾಗಾಗಿ ಕಾಡುಗಳ ಹೆಸರು ಬೇಡ. ನನ್ನ ಪ್ರಶ್ನೆ ಇಷ್ಟೇ: ಈ ಎರಡು ಕಾಡಿನ ನಾಯಿಗಳು ಇನ್ನೂ ಬೆರೆಯುತ್ತಿವೆಯೇ, ಇಲ್ಲ ಅವರವರ ಪಾಡಿಗೆ ಬೇರೆಯಾಗಿಬಿಟ್ಟಿವೆಯೇ?

ಹುಲಿಯಾಗಿದ್ದರೆ ಕ್ಯಾಮೆರಾ ಕಟ್ಟಬಹುದಿತ್ತು. ಹುಲಿಯ ಪಟ್ಟೆ ನಮ್ಮ ಬೆರಳಚ್ಚಿನ ಹಾಗೆ, ಒಂದರದ್ದು ಇನ್ನೊಂದಕ್ಕಿಲ್ಲ. 1990ರ ದಶಕದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿ ಎಣಿಸಿದ್ದು ಇದನ್ನೇ ನಂಬಿ. ಕೆನ್ನಾಯಿಗೆ ಪಟ್ಟೆಯೂ ಇಲ್ಲ, ಚುಕ್ಕೆಯೂ ಇಲ್ಲ. ಎಲ್ಲವೂ ಅದೇ ಕೆಂಪು ಮೈ, ಅದೇ ಕಪ್ಪು ಬಾಲ. ಕಿವಿ ಹರಿದಿದ್ದೋ ಬಾಲ ತುಂಡಾಗಿದ್ದೋ ಆದರೆ ಗುರುತು ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ಹಿಡಿದು ರೇಡಿಯೋ ಕಾಲರ್ ಹಾಕುವುದೂ ಸುಲಭದ ಮಾತಲ್ಲ. ಹಾಗಾಗಿ ಅವು ಬಿಟ್ಟುಹೋದ ಮಲವನ್ನೇ ಹೆಕ್ಕಬೇಕು. ವಾಚರ್‌ಗಳೂ ಈಗ ಸ್ಕ್ಯಾಟ್ ಅಂತಲೇ ಹೇಳುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಸ್ಕ್ಯಾಟ್ ಕರುಳಿನಿಂದ ಜಾರುವಾಗ ಕರುಳಿನ ಒಳಪದರದ ಜೀವಕೋಶಗಳು ಅದಕ್ಕೆ ಅಂಟಿಕೊಂಡು ಹೊರಗೆ ಬರುತ್ತವೆ. ಆ ಕೋಶಗಳಲ್ಲಿ ನಾಯಿಯ ಡಿಎನ್‌ಎ ಇರುತ್ತದೆ. ಒಳಗಡೆ ಇರುವುದು ಬಹುಪಾಲು ತಿಂದ ಜಿಂಕೆಯದ್ದು. ಅದಕ್ಕೇ ಹೊರಮೈಯನ್ನು ಮಾತ್ರ ಮೆಲ್ಲಗೆ ಕೆರೆದುಕೊಳ್ಳಬೇಕು. ಹೊಸಬರು ಆಸೆಪಟ್ಟು ಇಡೀ ಸ್ಕ್ಯಾಟನ್ನು ಡಬ್ಬಿಗೆ ತುಂಬುತ್ತಾರೆ. ನಾನೂ ತುಂಬಿದ್ದೆ. ಅದು ಒಣಗುವುದಿಲ್ಲ. ಒಳಗೆ ಬ್ಯಾಕ್ಟೀರಿಯಾ ಬೆಳೆದು ಡಿಎನ್‌ಎಯನ್ನು ಚೂರು ಚೂರು ಮಾಡುತ್ತದೆ. ಹೆಬ್ಬೆರಳಿನ ಉಗುರಿನಷ್ಟು ಕೆರೆದು ಆಲ್ಕೋಹಾಲಿನಲ್ಲಿ ಮುಳುಗಿಸಿದರೆ ಸಾಕು. ಇಲ್ಲವೇ ಸಿಲಿಕಾ ಜೆಲ್ ಕಾಳುಗಳ ಜೊತೆ ಇಟ್ಟು ಒಣಗಿಸಬಹುದು. ಪ್ರತಿ ಸ್ಯಾಂಪಲ್‌ಗೂ ಹೊಸ ಗ್ಲೌಸ್, ಹೊಸ ಕಡ್ಡಿ.

ಇನ್ನೊಂದು ಚಿಕ್ಕ ವಿಷಯ. ಇದನ್ನು ಯಾವ ಪುಸ್ತಕದಲ್ಲೂ ನನಗೆ ಯಾರೂ ತೋರಿಸಿರಲಿಲ್ಲ. ಟ್ಯೂಬಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ನಂಬರ್ ಬರೆದಿದ್ದೆ. ಜೀಪು ಕುಲುಕಿ ಆಲ್ಕೋಹಾಲ್ ಸೋರಿತು. ಕ್ಯಾಂಪಿಗೆ ಬಂದು ನೋಡಿದರೆ ಹನ್ನೊಂದು ಟ್ಯೂಬಿಗೆ ಹೆಸರೇ ಇಲ್ಲ. ಎಲ್ಲವನ್ನೂ ಎಸೆದೆ. ಆಮೇಲಿಂದ ಪೆನ್ಸಿಲ್‌ನಲ್ಲಿ ಬರೆದ ಚೀಟಿಯನ್ನು ಟ್ಯೂಬಿನ ಒಳಗೇ ಹಾಕುತ್ತೇನೆ. ಪೆನ್ಸಿಲ್ ಗೆರೆಗೆ ಆಲ್ಕೋಹಾಲ್ ಏನೂ ಮಾಡುವುದಿಲ್ಲ.

ಮಳೆಗಾಲದ ಸ್ಯಾಂಪಲ್ ನೆಚ್ಚಿಕೊಳ್ಳಬಾರದು. ಒಂದು ಜೋರು ಮಳೆ ಬಿದ್ದರೆ ಹೊರಗಿನ ಲೋಳೆ ತೊಳೆದುಹೋಗುತ್ತದೆ. ಬಿಸಿಲೂ ಅಷ್ಟೇ ಕೆಟ್ಟದ್ದು, ಅಲ್ಟ್ರಾವಯೊಲೆಟ್ ಕಿರಣ ಡಿಎನ್‌ಎಯನ್ನು ಮುರಿಯುತ್ತದೆ. ಚಳಿಗಾಲದ ಒಣ ಬೆಳಗು, ಮರದ ನೆರಳು, ಅದೇ ದಿನದ ಸ್ಕ್ಯಾಟ್. ಈ ಮೂರೂ ಸೇರಿದರೆ ಮಾತ್ರ ಲ್ಯಾಬಿನಲ್ಲಿ ನಿದ್ದೆ ಬರುತ್ತದೆ.

ಲ್ಯಾಬಿನ ಮೊದಲ ಕೆಲಸ ಇದು ನಿಜಕ್ಕೂ ಕೆನ್ನಾಯಿಯದ್ದೇ ಅಂತ ಖಚಿತ ಮಾಡಿಕೊಳ್ಳುವುದು. ಚಿರತೆಯ ಸ್ಕ್ಯಾಟ್ ಕಾಡಿನಲ್ಲಿ ಕಣ್ಣಿಗೆ ಮೋಸ ಮಾಡುತ್ತದೆ. ಅದಕ್ಕಿಂತ ದೊಡ್ಡ ತಲೆನೋವು ಊರನಾಯಿ. ಕೆನ್ನಾಯಿಗೆ ನಾವು ಬಳಸುವ ಪ್ರೈಮರ್‌ಗಳು, ಅಂದರೆ ಡಿಎನ್‌ಎಯ ಯಾವ ಜಾಗವನ್ನು ನಕಲು ಮಾಡಬೇಕು ಅಂತ ಪಿಸಿಆರ್ ಅನ್ನುವ ನಕಲು ತೆಗೆಯುವ ವಿಧಾನಕ್ಕೆ ತೋರಿಸುವ ಚೂರುಗಳು, ಹೆಚ್ಚಿನವು ಸಾಕುನಾಯಿಗೆಂದೇ ಮಾಡಿದವು. ಎರಡೂ ಹತ್ತಿರದ ನಂಟರು, ಎರಡಕ್ಕೂ 78 ಕ್ರೋಮೋಸೋಮ್, ಹಾಗಾಗಿ ಅವು ಕೆನ್ನಾಯಿಯಲ್ಲೂ ಕೆಲಸ ಮಾಡುತ್ತವೆ. ಅನುಕೂಲ ಏನೋ ಹೌದು. ಆದರೆ ಕಾಡಿನ ಅಂಚಿನಲ್ಲಿ ಯಾವುದೋ ಊರನಾಯಿ ಬಿಟ್ಟದ್ದನ್ನು ನಾನು ತಂದರೂ ಪಿಸಿಆರ್ ಚೆನ್ನಾಗಿಯೇ ಬರುತ್ತದೆ. ನಂಬರ್ ಸಿಗುತ್ತದೆ, ನಾನು ಖುಷಿಪಡುತ್ತೇನೆ, ಪೂರ್ತಿ ತಪ್ಪು. ಅದಕ್ಕೆ ಮೊದಲು ಮೈಟೊಕಾಂಡ್ರಿಯಾದ, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗದ, ಡಿಎನ್‌ಎಯಲ್ಲಿ ಒಂದು ತುಂಡು ಓದಿ ಜಾತಿ ಖಚಿತ ಮಾಡಿಕೊಳ್ಳಬೇಕು. ಕೋಶ ಒಂದಕ್ಕೆ ಮೈಟೊಕಾಂಡ್ರಿಯಾ ನೂರಾರು ಇರುವುದರಿಂದ ಹಳಸಿದ ಸ್ಕ್ಯಾಟಿನಲ್ಲೂ ಅದು ಸಿಗುತ್ತದೆ.

ಆಮೇಲೆ ಒಂದೊಂದು ನಾಯಿಯನ್ನು ಗುರುತಿಸುವ ಕೆಲಸ. ಇದಕ್ಕೆ ನಾನು ಬಳಸಿದ್ದು ಮೈಕ್ರೊಸ್ಯಾಟಲೈಟ್. ಹೆಸರು ದೊಡ್ಡದು, ವಿಷಯ ಸಣ್ಣದು. ಡಿಎನ್‌ಎಯಲ್ಲಿ ಕೆಲವು ಕಡೆ ಎರಡೋ ನಾಲ್ಕೋ ಅಕ್ಷರ ಮತ್ತೆ ಮತ್ತೆ ಬರುತ್ತವೆ, ಜಪ ಮಾಡಿದ ಹಾಗೆ. ಒಂದು ನಾಯಿಯಲ್ಲಿ ಆ ಜಪ ಹದಿನಾಲ್ಕು ಸಲ, ಇನ್ನೊಂದರಲ್ಲಿ ಹದಿನೇಳು ಸಲ. ಪ್ರತಿ ಜಾಗಕ್ಕೂ ಅಮ್ಮನಿಂದ ಒಂದು ನಕಲು, ಅಪ್ಪನಿಂದ ಒಂದು. ಹಾಗಾಗಿ ಒಂದು ಜಾಗಕ್ಕೆ ಎರಡು ನಂಬರ್: 14 ಮತ್ತು 17. ಇಂಥ ಜಾಗಗಳನ್ನು ಒಂದು ಡಜನ್‌ಗೂ ಜಾಸ್ತಿ ನೋಡಿದರೆ ಆ ನಾಯಿಗೆ ಒಂದು ಗುರುತಿನ ಚೀಟಿ ತಯಾರು. ಅದೇ ಅದರ ಪಟ್ಟೆ.

ಸ್ಕ್ಯಾಟಿನ ಡಿಎನ್‌ಎ ಇಲ್ಲಿ ಸುಳ್ಳು ಹೇಳಲು ಶುರು ಮಾಡುತ್ತದೆ. ಡಿಎನ್‌ಎ ಕಮ್ಮಿ ಇದ್ದಾಗ ಪಿಸಿಆರ್ ಎರಡು ನಕಲಿನಲ್ಲಿ ಒಂದನ್ನು ಮಾತ್ರ ಹಿಡಿದು ಇನ್ನೊಂದನ್ನು ಬಿಟ್ಟುಬಿಡುತ್ತದೆ. 14 ಮತ್ತು 17 ಇರುವ ನಾಯಿ 14 ಮತ್ತು 14 ಅಂತ ಕಾಣುತ್ತದೆ. ನಾವು ಡ್ರಾಪ್‌ಔಟ್ ಅನ್ನುತ್ತೇವೆ. ಇದರಿಂದ ಎರಡು ಕೆಡುಕು. ಒಂದೇ ನಾಯಿಯ ಎರಡು ಸ್ಕ್ಯಾಟ್ ಎರಡು ಬೇರೆ ನಾಯಿಗಳ ಹಾಗೆ ಕಂಡು ಲೆಕ್ಕ ಜಾಸ್ತಿಯಾಗುತ್ತದೆ. ಇನ್ನೊಂದು, ಕಾಡಿನ ನಾಯಿಗಳಲ್ಲಿ ವೈವಿಧ್ಯವೇ ಇಲ್ಲ, ಎಲ್ಲ ಒಳಸಂಬಂಧದಲ್ಲೇ ಹುಟ್ಟಿದವು ಅನ್ನುವ ಹಾಗೆ ಕಾಣುತ್ತದೆ. ಅಳತೆ ಕೆಟ್ಟಿದ್ದು ನಮ್ಮದು, ಹೆಸರು ಕೆಡುವುದು ನಾಯಿಗಳದ್ದು. ಮದ್ದು ಒಂದೇ: ಪ್ರತಿ ಸ್ಯಾಂಪಲನ್ನೂ ಮೂರು ನಾಲ್ಕು ಸಲ ಪಿಸಿಆರ್ ಮಾಡಿ ಎಲ್ಲ ಸಲವೂ ಒಂದೇ ಉತ್ತರ ಬಂದರೆ ಮಾತ್ರ ಒಪ್ಪುವುದು. ಬೇಜಾರಿನ ಕೆಲಸ. ತಿಂಗಳುಗಟ್ಟಲೆ ಹಿಡಿಯುತ್ತದೆ. ಹೆಚ್ಚುಕಡಿಮೆ ಮೂರರಲ್ಲಿ ಒಂದು ಸ್ಯಾಂಪಲ್ ನನ್ನ ಕೈಬಿಟ್ಟಿತು.

ಇಷ್ಟೆಲ್ಲ ಮಾಡಿ ಒಂದು ಪಟ್ಟಿ ತಯಾರಾಯಿತು. ಸ್ಟ್ರಕ್ಚರ್ ಅನ್ನುವ ಒಂದು ಪ್ರೋಗ್ರಾಂ ಇದೆ. 2000ದಲ್ಲಿ ಪ್ರಿಚರ್ಡ್, ಸ್ಟೀಫನ್ಸ್, ಡೊನೆಲಿ ಮೂವರು ಇದರ ವಿಧಾನವನ್ನು ಪ್ರಕಟಿಸಿದರು. ನಮ್ಮ ಕ್ಷೇತ್ರದಲ್ಲಿ ಇದನ್ನು ಬಳಸದವರು ಅಪರೂಪ. ಯಾವ ಪ್ರಾಣಿ ಎಲ್ಲಿ ಸಿಕ್ಕಿತು ಅಂತ ಅದಕ್ಕೆ ಹೇಳುವುದೇ ಬೇಡ. ಬರೀ ನಂಬರ್ ಕೊಟ್ಟು, ಇವನ್ನು ಎರಡು ಗುಂಪು ಮಾಡು, ಮೂರು ಮಾಡು ಅಂದರೆ ಮಾಡಿಕೊಡುತ್ತದೆ. ಒಂದೊಂದು ಪ್ರಾಣಿಗೂ ಬಣ್ಣದ ಒಂದೊಂದು ಕಂಬಿ ಬರುತ್ತದೆ.

ನನ್ನ ಚಿತ್ರ ಎಷ್ಟು ಚೆನ್ನಾಗಿ ಬಂತು ಅಂದರೆ, ಆ ರಾತ್ರಿ ಫೋನಿನಲ್ಲಿ ನಾಲ್ಕು ಸಲ ತೆಗೆದು ನೋಡಿದೆ. ದೊಡ್ಡ ಕಾಡಿನ ನಾಯಿಗಳು ಪೂರ್ತಿ ಕಿತ್ತಳೆ. ಸಣ್ಣ ಕಾಡಿನವು ಪೂರ್ತಿ ನೀಲಿ. ನಡುವೆ ಬೆರಕೆಯೇ ಇಲ್ಲ. ಹೆದ್ದಾರಿ ಎರಡು ಕಾಡನ್ನು ಕತ್ತರಿಸಿಬಿಟ್ಟಿದೆ, ಸಾಕ್ಷಿ ಇಲ್ಲಿದೆ ಅಂತ ತಲೆಯಲ್ಲೇ ಪೇಪರಿನ ತಲೆಬರಹ ಕೂಡ ಬರೆದಾಗಿತ್ತು.

ಲ್ಯಾಬ್ ಮೀಟಿಂಗಿನಲ್ಲಿ ತೋರಿಸಿದೆ. ಎಲ್ಲರೂ ಚೆನ್ನಾಗಿದೆ ಅಂದರು. ಆಮೇಲೆ ನಮ್ಮ ಹಿರಿಯರೊಬ್ಬರು ತಣ್ಣಗೆ ಕೇಳಿದರು: "ಆ ರಸ್ತೆ ದೊಡ್ಡದಾಗಿ ಎಷ್ಟು ವರ್ಷ ಆಯಿತಮ್ಮಾ?" ಕೆಲವು ದಶಕ ಅಂದೆ. "ಅಷ್ಟರಲ್ಲಿ ಎಷ್ಟು ತಲೆಮಾರು ಆಗಿರಬಹುದು?" ಕೈಬೆರಳಲ್ಲಿ ಎಣಿಸಬಹುದಾದಷ್ಟು. "ಮತ್ತೆ ಇಷ್ಟು ವ್ಯತ್ಯಾಸ ಹೇಗೆ ಬಂತು?"

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿತ್ತು. ಎರಡು ಕಡೆಯ ಓಡಾಟ ಇವತ್ತು ಪೂರ್ತಿ ನಿಂತರೂ ಜೀನ್‌ಗಳಲ್ಲಿ ಅದರ ಗುರುತು ಬರಲು ತಲೆಮಾರುಗಳೇ ಬೇಕು. ಪಶ್ಚಿಮ ಘಟ್ಟವನ್ನು ತುಂಡರಿಸುವ ಪಾಲಕ್ಕಾಡ್ ಕಣಿವೆಯ ಉತ್ತರಕ್ಕೂ ದಕ್ಷಿಣಕ್ಕೂ ಆನೆಗಳು ಬೇರೆ, ನೀಲಗಿರಿ ತಾರ್ ಅನ್ನುವ ಕಾಡು ಆಡು ಬೇರೆ, ಬೆಟ್ಟದ ಮೇಲಿನ ಶೋಲಾ ಕಾಡಿನ ಪುಟ್ಟ ಹಕ್ಕಿಗಳೂ ಬೇರೆ. ಆದರೆ ಆ ಕಣಿವೆಯ ವಯಸ್ಸೇನು, ನಮ್ಮ ಡಾಂಬರು ರಸ್ತೆಯ ವಯಸ್ಸೇನು? ಕೆನ್ನಾಯಿಯಲ್ಲೇ ನೋಡಿ. 2005ರಲ್ಲಿ ಪ್ರಕಟವಾದ ಮೈಟೊಕಾಂಡ್ರಿಯಾ ಅಧ್ಯಯನದಲ್ಲಿ ಗಂಗೆಯ ದಕ್ಷಿಣದವು ಒಂದು ಕವಲು, ಉತ್ತರ ಮತ್ತು ಈಶಾನ್ಯದವು ಇನ್ನೊಂದು ಕವಲು ಅಂತ ಕಂಡಿತು. ಅಂಥ ಗೆರೆಗಳು ಮೂಡಲು ಸಾವಿರಾರು ವರ್ಷ ಬೇಕು. ನನ್ನ ಚಿತ್ರ ನಿಜ ಅನ್ನಿಸಲಾರದಷ್ಟು ಚೆನ್ನಾಗಿತ್ತು.

ವಾಪಸ್ ಬಂದು ಪಟ್ಟಿ ತೆರೆದೆ. ಯಾವ ಕಂಬಿ ಯಾವ ಸ್ಕ್ಯಾಟ್ ಅಂತ ಒಂದೊಂದೇ ನೋಡುತ್ತಾ ಹೋದೆ. ಕಿತ್ತಳೆ ಬಣ್ಣದ ಮುಕ್ಕಾಲು ಪಾಲು ಎರಡೇ ಕವಲುದಾರಿಯಿಂದ ಬಂದಿತ್ತು. ನೀಲಿಯಲ್ಲಿ ಬಹುಪಾಲು ಒಂದು ಕೆರೆಯ ಏರಿಯ ಹತ್ತಿರದ್ದು. ಕವಲುದಾರಿಯ ಆ ಏಳು ಸ್ಯಾಂಪಲ್ ಕೂಡ ಕಿತ್ತಳೆಯಲ್ಲೇ ಸಾಲಾಗಿ ಕೂತಿದ್ದವು. ಜಿಪಿಎಸ್ ಅಂಕಿ ಕೊನೆಯ ಸ್ಥಾನದವರೆಗೂ ಒಂದೇ.

ಕೆನ್ನಾಯಿಗಳ ಅಭ್ಯಾಸ ಇಲ್ಲಿ ಹೇಳಬೇಕು. ಹಿಂಡಿನವೆಲ್ಲ ಸೇರಿ ಒಂದೇ ಜಾಗದಲ್ಲಿ ಮಲ ಹಾಕುತ್ತವೆ, ಅದರಲ್ಲೂ ದಾರಿ ಕೂಡುವ ಕಡೆ. ಬೇರೆ ಹಿಂಡಿಗೆ ಅದು ಬೋರ್ಡು ಹಾಕಿದ ಹಾಗೆ. ಆ ಹಿಂಡು ಅಂದರೆ ಒಂದು ಮನೆ. ಸಾಮಾನ್ಯವಾಗಿ ಒಂದೇ ಹೆಣ್ಣು ಮರಿ ಹಾಕುತ್ತದೆ. ಉಳಿದವು ಬೇಟೆಯಾಡಿ ಬಂದು, ತಿಂದದ್ದನ್ನು ಕಕ್ಕಿ ಮರಿಗಳಿಗೆ ಉಣಿಸುತ್ತವೆ. ಹಿಂಡಿನಲ್ಲಿ ಅಕ್ಕ, ತಮ್ಮ, ಚಿಕ್ಕಪ್ಪ, ಕಳೆದ ವರ್ಷದ ಮರಿ, ಎಲ್ಲ ಒಂದೇ ರಕ್ತ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು! ವನ್ಯಜೀವಿ ವಿಜ್ಞಾನಿ ಜಾನ್‌ಸಿಂಗ್ ಅವರು 1970ರ ದಶಕದಲ್ಲಿ ಬಂಡೀಪುರದಲ್ಲಿ ಕೆನ್ನಾಯಿಗಳ ಹಿಂದೆ ಓಡಾಡಿದ ಕಾಲದಿಂದಲೂ ಅವುಗಳ ಹಿಂಡಿನ ಬದುಕಿನ ಬಗ್ಗೆ ಬರೆದದ್ದಿದೆ. ನಾನು ಓದಿದ್ದೆ. ಆದರೆ ಕಾಡಿನ ಬಗ್ಗೆ ಓದಿದ್ದು ಒಂದು ಡಬ್ಬಿ, ಕಂಪ್ಯೂಟರಿನ ಮುಂದೆ ಕೂತಾಗಿನ ಬುದ್ಧಿ ಇನ್ನೊಂದು ಡಬ್ಬಿ. ಎರಡೂ ಸೇರಿರಲಿಲ್ಲ, ಅಷ್ಟೇ.

ಸ್ಟ್ರಕ್ಚರ್ ಪ್ರೋಗ್ರಾಂಗೆ ಒಂದು ನಂಬಿಕೆ ಇದೆ. ತನಗೆ ಕೊಟ್ಟ ಪ್ರಾಣಿಗಳು ಒಂದಕ್ಕೊಂದು ಸಂಬಂಧಿಕರಲ್ಲ ಅಂತ. ಅಣ್ಣತಮ್ಮಂದಿರ ಒಂದು ಗುಂಪನ್ನೇ ಕೊಟ್ಟರೆ ಅದು ಆ ಮನೆಯನ್ನೇ ಒಂದು ಪಾಪ್ಯುಲೇಷನ್, ಅಂದರೆ ತಮ್ಮೊಳಗೇ ಬೆರೆಯುವ ಪ್ರಾಣಿಗಳ ಒಂದು ಇಡೀ ಗುಂಪು, ಅಂದುಕೊಂಡು ಬೇರೆ ಬಣ್ಣ ಬಳಿಯುತ್ತದೆ. ಕಾಡು ಕಾಡಿನ ವ್ಯತ್ಯಾಸ ನಾನು ಕಂಡಿರಲೇ ಇಲ್ಲ. ಕಂಡಿದ್ದು ಎರಡು ಮೂರು ಮನೆತನ. ಒಂದು ಮದುವೆ ಮನೆಗೆ ಹೋಗಿ ಒಂದೇ ಕುಟುಂಬದವರ ಎತ್ತರ ಅಳೆದು, ಈ ಜಿಲ್ಲೆಯವರು ಇಷ್ಟು ಎತ್ತರ ಅಂತ ಬರೆದ ಹಾಗೆ.

ಹಾಗಾದರೆ ಅಣ್ಣತಮ್ಮಂದಿರನ್ನೆಲ್ಲ ತೆಗೆದು ಹಿಂಡಿಗೊಂದೇ ನಾಯಿ ಇಟ್ಟುಕೊಂಡರೆ ಆಯಿತಲ್ಲ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತು, ಹಾಗೇ ಮಾಡಿದೆ. ಅದು ಇನ್ನೊಂದು ಗುಂಡಿ. ವೇಪಲ್ಸ್ ಮತ್ತು ಆ್ಯಂಡರ್ಸನ್ ಅನ್ನುವ ಇಬ್ಬರು ವಿಜ್ಞಾನಿಗಳು 2017ರಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿದ್ದಾರೆ. ಸಣ್ಣ ಪಾಪ್ಯುಲೇಷನ್‌ನಲ್ಲಿ ಸಂಬಂಧಿಕರು ಇರುವುದೇ ಸಹಜ. ಕಾಡಿನಲ್ಲಿ ಮರಿ ಹಾಕುವ ಜೋಡಿಗಳೇ ನಾಲ್ಕಿದ್ದರೆ ಅಲ್ಲಿ ಸಿಗುವುದೆಲ್ಲ ಅಣ್ಣತಮ್ಮಂದಿರೇ. ಅವರನ್ನೆಲ್ಲ ಕಿತ್ತು ಎಸೆದರೆ, ಆ ಕಾಡು ಸಣ್ಣದು ಅನ್ನುವ ಸತ್ಯವನ್ನೇ ಕಿತ್ತು ಎಸೆದ ಹಾಗೆ. ನಾನು ಒಂದೇ ಡಾಟಾವನ್ನು ಎರಡೂ ರೀತಿ ಮಾಡಿ ನೋಡಿದೆ. ಎಲ್ಲ ಇಟ್ಟುಕೊಂಡರೆ ಒಂದು ಉತ್ತರ, ತೆಗೆದರೆ ಇನ್ನೊಂದು. ಎರಡಕ್ಕೂ ಅಂತರ ಇಷ್ಟು ದೊಡ್ಡದಿದೆ ಅಂದರೆ ತಪ್ಪಿರುವುದು ಲೆಕ್ಕದಲ್ಲಲ್ಲ, ಸ್ಯಾಂಪಲ್ ತಂದ ರೀತಿಯಲ್ಲಿ. ಸುಮ್ನೆ ಕಂಪ್ಯೂಟರ್ ಗುದ್ದಿ ಪ್ರಯೋಜನವಿಲ್ಲ. ಮತ್ತೆ ಕಾಡಿಗೇ ಹೋಗಬೇಕು.

ಎರಡನೇ ಸಲ ಹೊರಟಾಗ ಮೊದಲು ಬದಲಾಯಿಸಿದ್ದು ದಾರಿ. ಕಾಡಿನ ನಕ್ಷೆಯನ್ನು ಚೌಕಗಳಾಗಿ ಹಂಚಿದೆವು. ಸ್ಯಾಂಪಲ್ ಸಿಗದ ಚೌಕಕ್ಕೆ ಮತ್ತೆ ಮತ್ತೆ ಹೋದೆವು. ಸಿಕ್ಕಾಪಟ್ಟೆ ಸಿಗುವ ಚೌಕದಲ್ಲಿ, ಕಣ್ಣೆದುರು ಏಳು ಬಿದ್ದಿದ್ದರೂ ಕೆರೆದುಕೊಂಡದ್ದು ಎರಡನ್ನು. ವಾಚರ್‌ಗೆ ಇದು ಅರ್ಥವಾಗಲಿಲ್ಲ. "ಹೋದ ವರ್ಷ ಒಂದು ಚೂರೂ ಬಿಡ್ತಿರಲಿಲ್ಲ ನೀವು" ಅಂದರು. ಹೌದು ಅಣ್ಣ, ಅದೇ ತಪ್ಪಾಯ್ತು ಅಂದೆ. ನಕ್ಕರು.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮದ್ದು. ಮೊದಲ ವರ್ಷ ನಾನು ಎರಡು ಕಾಡಿನ ಒಳಗೆ ಮಾತ್ರ ಸ್ಯಾಂಪಲ್ ತಂದಿದ್ದೆ. ನಡುವಿನ ತೋಟ, ಕುರುಚಲು, ಹೊಲದ ಬದು ಮುಟ್ಟಿರಲಿಲ್ಲ. ನಾಯಿಗಳು ಹತ್ತಿರದ ನಾಯಿಗಳ ಜೊತೆ ಜಾಸ್ತಿ ಬೆರೆಯುತ್ತವೆ, ದೂರದವುಗಳ ಜೊತೆ ಕಮ್ಮಿ. ಹಾಗಾಗಿ ನಡುವೆ ಯಾವ ಅಡ್ಡಿ ಇಲ್ಲದಿದ್ದರೂ ದೂರ ಹೋದಂತೆ ಜೀನ್‌ಗಳ ವ್ಯತ್ಯಾಸ ನಿಧಾನವಾಗಿ ಏರುತ್ತದೆ. ನಾನು ಆ ಇಳಿಜಾರಿನ ಎರಡು ತುದಿ ಮಾತ್ರ ನೋಡಿ, ನಡುವೆ ಗೋಡೆ ಇದೆ ಅಂದುಕೊಂಡಿದ್ದೆ.

ತೋಟಗಳಿಗೆ ಹೋಗಲು ಒಂದಷ್ಟು ಮಾಲೀಕರ ಮನೆಬಾಗಿಲಿಗೆ ಅಲೆಯಬೇಕಾಯಿತು. ಕಾಡಿನೊಳಗೆ 1972ರ ವನ್ಯಜೀವಿ ಕಾಯ್ದೆಯ ಅನುಮತಿ ಪತ್ರ ಬೇಕು, ತೋಟಕ್ಕೆ ಮಾಲೀಕರ ಮನಸ್ಸು ಬೇಕು. ಎರಡನೆಯದಕ್ಕೆ ಫಾರಂ ಇಲ್ಲ. ಒಬ್ಬರು ಖಡಾಖಂಡಿತ ಬೇಡ ಅಂದರು. ನಾಯಿ ಇದೆ ಅಂತ ಗೊತ್ತಾದರೆ ತೋಟವನ್ನೇ ಕಾಡು ಅಂತ ಘೋಷಿಸಿಬಿಡುತ್ತಾರೆ ಅನ್ನುವ ಭಯ. ಇನ್ನೊಂದು ತೋಟದಲ್ಲಿ ಕೆಲಸದ ಹೆಂಗಸೊಬ್ಬರು ಜಾಗ ಸಮೇತ ತೋರಿಸಿದರು. "ವರ್ಷಕ್ಕೆ ಒಂದೆರಡು ಸಲ ಬರ್ತಾವೆ, ಶಿಳ್ಳೆ ಹಾಕ್ಕೊಂಡು." ಕೆನ್ನಾಯಿ ಶಿಳ್ಳೆಯಂಥ ದನಿ ಮಾಡುತ್ತದೆ. ನೋಡದವರು ಹಾಗೆ ಹೇಳಲು ಸಾಧ್ಯವಿಲ್ಲ. ಆ ತೋಟದ ರಸ್ತೆಯಲ್ಲಿ ಸಿಕ್ಕ ಸ್ಯಾಂಪಲ್‌ಗಳಲ್ಲಿ ಅರ್ಧಕ್ಕೂ ಜಾಸ್ತಿ ಊರನಾಯಿಯದ್ದೇ ಆಗಿತ್ತು. ಉಳಿದದ್ದು ಕೆಲವೇ ಕೆಲವು. ಆದರೆ ಆ ಕೆಲವು ನನಗೆ ಕಾಡಿನ ಐವತ್ತಕ್ಕಿಂತ ಹೆಚ್ಚು.

ಲ್ಯಾಬಿನಲ್ಲಿ ಆಗ ಇನ್ನೊಂದು ಆಟ ನಡೆಯಿತು. ಮೈಕ್ರೊಸ್ಯಾಟಲೈಟ್‌ನ ಉದ್ದ ಅಳೆಯುವ ಯಂತ್ರ ಕೆಟ್ಟು, ಎರಡನೇ ವರ್ಷದ ಸ್ಯಾಂಪಲ್‌ಗಳನ್ನು ಬೇರೆ ಕಡೆಯ ಯಂತ್ರದಲ್ಲಿ ಓಡಿಸಬೇಕಾಯಿತು. ಹಳೆಯ ಯಂತ್ರದಲ್ಲಿ 182 ಅಕ್ಷರ ಉದ್ದ ಅಂತ ಬರುತ್ತಿದ್ದದ್ದು ಹೊಸದರಲ್ಲಿ 184 ಅಂತ ಬಂತು. ಅದೇ ನಾಯಿ, ಅದೇ ಡಿಎನ್‌ಎ. ಇದು ಹೊಸ ವಿಷಯವೇನಲ್ಲ, ಯಂತ್ರದಿಂದ ಯಂತ್ರಕ್ಕೆ ಅಳತೆ ಹೀಗೆ ಸರಿಯುತ್ತದೆ. ಹಳೆಯ ಎಂಟು ಸ್ಯಾಂಪಲ್ ಜೊತೆಗೇ ಓಡಿಸಿದ್ದರಿಂದ ಗೊತ್ತಾಯಿತು. ಓಡಿಸದಿದ್ದರೆ? ಮೊದಲ ವರ್ಷದ ನಾಯಿಗಳು ಒಂದು ಬಣ್ಣ, ಎರಡನೇ ವರ್ಷದವು ಇನ್ನೊಂದು ಬಣ್ಣ ಬಂದು ಮತ್ತೊಂದು ಚೆಂದದ ಚಿತ್ರ ತಯಾರಾಗುತ್ತಿತ್ತು. ಯಾರಾದರೂ ಈ ಕೆಲಸಕ್ಕೆ ಕೈಹಾಕುವವರಿದ್ದರೆ ಇದೊಂದು ನೆನಪಿಡಿ. ಹಳೆಯ ಡಿಎನ್‌ಎಯನ್ನು ಒಂದಿಷ್ಟು ಉಳಿಸಿಕೊಂಡಿರಿ, ಎಲ್ಲ ಬಳಸಿ ಮುಗಿಸಬೇಡಿ.

ಹೊಸ ಚಿತ್ರ ನೋಡಲು ಚೆನ್ನಾಗಿಲ್ಲ. ಕಿತ್ತಳೆ, ನೀಲಿ ಎಲ್ಲ ಕಲಸಿಹೋಗಿದೆ. ದೊಡ್ಡ ಕಾಡಿನ ಆ ತುದಿಯಿಂದ ಸಣ್ಣ ಕಾಡಿನ ಈ ತುದಿಗೆ ಬಣ್ಣ ನಿಧಾನವಾಗಿ ಬದಲಾಗುತ್ತದೆ. ಹೆದ್ದಾರಿ ಇರುವ ಕಡೆ ಸ್ವಲ್ಪ ಜಾಸ್ತಿ ಬದಲಾದ ಹಾಗೆ ಕಾಣುತ್ತದೆ. ಆದರೆ ಅದು ಹೆದ್ದಾರಿಯಿಂದಲೋ, ಅಲ್ಲಿ ಸ್ಯಾಂಪಲ್ ಕಮ್ಮಿ ಇರುವುದರಿಂದಲೋ ಅಂತ ಕೇಳಿದರೆ ಎದೆ ತಟ್ಟಿ ಹೇಳಲಾರೆ. ಈ ಚಿತ್ರವನ್ನು ಫೋನಿನಲ್ಲಿ ಇಟ್ಟುಕೊಂಡಿಲ್ಲ.

ಸಣ್ಣ ಕಾಡಿನ ಬಗ್ಗೆ ಮಾತ್ರ ಚಿಂತೆ ಇದ್ದೇ ಇದೆ. ಲೆಕ್ಕ ಸರಳ. ಮರಿ ಮಾಡುವ ಪ್ರಾಣಿಗಳು ಎಷ್ಟು ಕಮ್ಮಿಯೋ ಪ್ರತಿ ತಲೆಮಾರಿಗೆ ವೈವಿಧ್ಯ ಅಷ್ಟು ಬೇಗ ಸೋರುತ್ತದೆ. ಲೆಕ್ಕಕ್ಕೆ ಬರುವ ನೂರು ಪ್ರಾಣಿ ಇದ್ದರೆ ತಲೆಮಾರಿಗೆ ಅರ್ಧ ಪರ್ಸೆಂಟ್ ಹೋಗುತ್ತದೆ. ಹತ್ತೇ ಇದ್ದರೆ 5 ಪರ್ಸೆಂಟ್. ಕೆನ್ನಾಯಿಯ ವಿಷಯದಲ್ಲಿ ತಲೆ ಎಣಿಸಿದರೆ ಮೋಸ ಹೋಗುತ್ತೇವೆ. ಆರು ಹಿಂಡು, ಅರವತ್ತು ನಾಯಿ ಅಂದುಕೊಳ್ಳಿ. ಅರವತ್ತು ಅಂದರೆ ಪರವಾಗಿಲ್ಲ ಅನ್ನಿಸುತ್ತದೆ ಅಲ್ವಾ? ಆದರೆ ಹಿಂಡಿಗೊಂದು ಜೋಡಿ ಮರಿ ಮಾಡಿದರೆ ಲೆಕ್ಕಕ್ಕೆ ಬರುವುದು ಹನ್ನೆರಡು. ಅರವತ್ತರ ಕಾಡು ಜೀನ್‌ಗಳ ಮಟ್ಟಿಗೆ ಹನ್ನೆರಡರ ಕಾಡು.

ಸಣ್ಣ, ಒಂಟಿ ಕಾಡಿನಲ್ಲಿ ಏನಾಗುತ್ತದೆ ಅಂತ ನೋಡಲು ಒಡಿಶಾದ ಸಿಮ್ಲಿಪಾಲ್ ಇದೆ. ಅಲ್ಲಿಯ ಹುಲಿಗಳಲ್ಲಿ ಕೆಲವಕ್ಕೆ ಪಟ್ಟೆ ಅಗಲವಾಗಿ ಹರಡಿ ಮೈ ಕಪ್ಪಾಗಿ ಕಾಣುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ಕಾರಣ ತೋರಿಸಿತು. ಒಂದು ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ಬೇರೆ ಕಡೆ ಇಷ್ಟು ಅಪರೂಪದ ಬದಲಾವಣೆ ಅಲ್ಲಿ ಮಾತ್ರ ಮಾಮೂಲಾಗಿದ್ದು, ಹುಲಿಗಳು ಕಮ್ಮಿ ಇದ್ದು ಹೊರಗಿನವು ಬಾರದೆ ಇದ್ದದ್ದರಿಂದ. ಈ ಬದಲಾವಣೆ ಕಣ್ಣಿಗೆ ಕಾಣುತ್ತದೆ, ಅದಕ್ಕೇ ನಮಗೆ ಗೊತ್ತಾಯಿತು. ಕಾಣದೆ ಒಳಗೇ ಜಾಸ್ತಿಯಾಗುವ ಕೆಟ್ಟ ಬದಲಾವಣೆಗಳ ಗತಿ ಏನು?

ಅದಕ್ಕೆ ನಾಯಿಯ ಕುಟುಂಬದಲ್ಲೇ ಒಂದು ಉದಾಹರಣೆ ಸಿಗುತ್ತದೆ. ಅಮೆರಿಕದ ಸುಪೀರಿಯರ್ ಸರೋವರದ ನಡುವೆ ಐಲ್ ರಾಯಲ್ ಅನ್ನುವ ದ್ವೀಪ. ಅಲ್ಲಿಯ ಎಷ್ಟೋ ತೋಳಗಳು ಒಳಸಂಬಂಧದಿಂದ ಬೆನ್ನುಮೂಳೆಯ ದೋಷದೊಂದಿಗೆ ಹುಟ್ಟುತ್ತಿದ್ದವು. 1997ರಲ್ಲಿ ಒಂದು ಗಂಡು ತೋಳ ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆದು ದ್ವೀಪಕ್ಕೆ ಬಂತು. ಹೊಸ ರಕ್ತ! ಸ್ವಲ್ಪ ಕಾಲ ಚೆನ್ನಾಯಿತು. ಆದರೆ ಅದು ಎಷ್ಟು ಗಟ್ಟಿಮುಟ್ಟಾಗಿತ್ತು ಅಂದರೆ ಕೆಲವೇ ತಲೆಮಾರಿನಲ್ಲಿ ದ್ವೀಪದ ತೋಳಗಳೆಲ್ಲ ಅದರ ಮಕ್ಕಳು ಮೊಮ್ಮಕ್ಕಳೇ ಆದವು. ಮತ್ತೆ ಒಳಸಂಬಂಧ. ಕೊನೆಗೆ ಎರಡೇ ಉಳಿದವು. 2018ರಿಂದ ಹೊರಗಿನ ತೋಳಗಳನ್ನು ತಂದು ಬಿಡಬೇಕಾಯಿತು. ಒಂದು ಸಲ ಒಂದು ಪ್ರಾಣಿ ಬಂದರೆ ಸಾಲದು, ಆಗಾಗ ಬರುತ್ತಿರಬೇಕು ಅಂತ ನಮ್ಮವರು ಹೇಳುವಾಗ ಈ ಹೆಸರು ಬಂದೇ ಬರುತ್ತದೆ.

ಓಡಾಟ ಬೇಕು ಅನ್ನುವುದೇನೋ ಸರಿ, ಹೆದ್ದಾರಿ ದಾಟುವುದು ಹೇಗೆ? ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯ ವಾಹನಗಳ ಓಡಾಟಕ್ಕೆ ತಡೆ ಇದೆ. ರಾತ್ರಿ ಓಡಾಡುವ ಪ್ರಾಣಿಗಳಿಗೆ ಅದು ದೊಡ್ಡ ಉಪಕಾರ. ಕೆನ್ನಾಯಿ ಮಾತ್ರ ಹಗಲಿನ ಪ್ರಾಣಿ. ಬೆಳಗ್ಗೆ, ಸಂಜೆ ಬೇಟೆಯಾಡುತ್ತದೆ. ಅದು ರಸ್ತೆ ದಾಟುವುದು ಲಾರಿ, ಕಾರು ಜಾಸ್ತಿ ಇರುವ ಹೊತ್ತಿನಲ್ಲೇ. ರಾತ್ರಿ ತಡೆಯ ಪರ ನಾನಿದ್ದೇನೆ. ಆದರೆ ಎಲ್ಲ ಪ್ರಾಣಿಗೂ ಅದು ಒಂದೇ ರೀತಿ ಒದಗುತ್ತದೆ ಅಂದುಕೊಳ್ಳಬಾರದು. 1972ರ ಕಾಯ್ದೆ ಬರುವವರೆಗೂ ಈ ನಾಯಿಯನ್ನು ಕೊಂದವರಿಗೆ ಇನಾಮು ಸಿಗುತ್ತಿತ್ತು. ಜಿಂಕೆ ತಿಂದು ಮುಗಿಸುವ ಪೀಡೆ ಅಂತ. ಇವತ್ತಿಗೂ ಹುಲಿಗೆ ಸಿಗುವ ಗಮನದಲ್ಲಿ ನೂರರಲ್ಲಿ ಒಂದು ಪಾಲೂ ಇದಕ್ಕಿಲ್ಲ. ಇದು ನನ್ನ ಹೊಟ್ಟೆಕಿಚ್ಚು, ಕ್ಷಮಿಸಿ.

ಎರಡನೇ ವರ್ಷದ ಪಟ್ಟಿಯನ್ನು ಮೊದಲ ವರ್ಷದ್ದರ ಜೊತೆ ಹೋಲಿಸುತ್ತಿದ್ದ ದಿನ ಒಂದು ಸಾಲು ಎರಡು ಸಲ ಬಂತು. ಒಂದು ಹೆಣ್ಣು. ಮೊದಲ ವರ್ಷ ದೊಡ್ಡ ಕಾಡಿನ ಕವಲುದಾರಿಯಲ್ಲಿ ಸಿಕ್ಕಿತ್ತು. ಎರಡನೇ ವರ್ಷ ಸಣ್ಣ ಕಾಡಿನ ಕೆರೆ ಹತ್ತಿರ. ಹೆದ್ದಾರಿಯ ಆ ಕಡೆ ಒಂದು, ಈ ಕಡೆ ಒಂದು.

ಖುಷಿಪಡುವ ಮೊದಲು ಹೆದರಿಕೆಯಾಯಿತು. ಒಂದು ಸಲ ಚಿತ್ರ ನಂಬಿ ಕೆಟ್ಟವಳು ನಾನು. ಟ್ಯೂಬ್ ಅದಲು ಬದಲಾಗಿದೆಯೇ? ಎರಡೂ ಸ್ಕ್ಯಾಟಿನ ಉಳಿದ ಭಾಗದಿಂದ ಹೊಸದಾಗಿ ಡಿಎನ್‌ಎ ತೆಗೆದು ಎಲ್ಲವನ್ನೂ ಮೊದಲಿನಿಂದ ಮಾಡಿದೆ. ಅದೇ ನಂಬರ್. ಅಕ್ಕತಂಗಿ ಇರಬಹುದೇ? ಒಂದೇ ಹೊಟ್ಟೆಯ ಮರಿಗಳಿಗೆ ಕೆಲವು ಜಾಗದಲ್ಲಿ ಒಂದೇ ನಂಬರ್ ಬರುವುದು ಮಾಮೂಲು. ಅದಕ್ಕೆ ಇನ್ನೂ ಕೆಲವು ಜಾಗ ಸೇರಿಸಿ ನೋಡಿದೆ. ಒಂದೂ ತಪ್ಪಲಿಲ್ಲ. ಬೇರೆಯವರ ಕೈಯಲ್ಲಿ, ಸ್ಯಾಂಪಲ್ ಯಾವುದು ಅಂತ ಹೇಳದೆ ಇನ್ನೊಮ್ಮೆ ಮಾಡಿಸಿದೆ. ಅದೇ ನಾಯಿ.

ಮುಂದಿನ ಸಲ ಕ್ಯಾಂಪಿಗೆ ಹೋದಾಗ ವಾಚರ್‌ಗೆ ಹೇಳಿದೆ. ಅಣ್ಣ, ಆ ಕಡೆಯ ಒಂದು ಹೆಣ್ಣು ರಸ್ತೆ ದಾಟಿ ಈ ಕಡೆ ಬಂದಿದೆ. ಬೂಟಿನ ಜಿಗಣೆ ಕೀಳುತ್ತಿದ್ದವರು ತಲೆ ಎತ್ತಿದರು. ಯಾವ ದಾರಿಯಲ್ಲಿ, ಎಷ್ಟು ದೂರ ಅಂತ ಕೇಳಿದರು. ಆಮೇಲೆ ಕೇಳಿದ್ದು: "ಬಂದು ಮರಿ ಹಾಕ್ತಾ?"

ಜೀನ್‌ಗಳ ಮಟ್ಟಿಗೆ ಅದೊಂದೇ ಪ್ರಶ್ನೆ. ಬಂದು ಸುಮ್ಮನೆ ಸತ್ತರೆ ಬಾರದಿದ್ದ ಹಾಗೇ. ಒಂದು ಹಿಂಡು ಸೇರಿ ಅಲ್ಲಿ ಮರಿ ಹಾಕಿದರೆ, ಆ ಮರಿಗಳ ಪ್ರತಿ ಜಾಗದಲ್ಲೂ ಒಂದು ನಂಬರ್ ಅವಳದ್ದೇ ಇರುತ್ತದೆ. ಮರಿಗಳು ಬಿಲದಿಂದ ಹೊರಬಂದು ಹಿಂಡಿನ ಜೊತೆ ಓಡಾಡುವ ಹೊತ್ತಿಗೆ ಕೆರೆಯ ಹತ್ತಿರ ಮತ್ತೆ ಹೋದೆವು. ಸಣ್ಣ ಗಾತ್ರದ ಸ್ಕ್ಯಾಟ್ ಆರು ಬಿದ್ದಿದ್ದವು. ಈ ಸಲ ಆರನ್ನೂ ತೆಗೆದುಕೊಂಡೆ. ನಾಲ್ಕರ ಪಿಸಿಆರ್ ಆಗಿದೆ. ಎರಡು ಸಲ ಒಂದೇ ಉತ್ತರ ಬಂದಿದೆ, ಮೂರನೇ ಸಲದ್ದು ಸೋಮವಾರ ಓಡಿಸಬೇಕು.